ಗೋಡೆ ಒದ್ದೆಯಾದರೆ ಬಚ್ಚಲಿಗೆ ಬರೆ: ಮನೆಯ ತೇವದ ಮೂಲ ಹುಡುಕುವ ಬಗೆ

ನಮ್ಮದು ಮೈಸೂರಿನಲ್ಲಿ 30×40 ಸೈಟಿನಲ್ಲಿ ಕಟ್ಟಿಸಿದ ಮಾಮೂಲಿ ಎರಡಂತಸ್ತಿನ ಮನೆ. ಗೃಹಪ್ರವೇಶವಾದ ನಾಲ್ಕನೆಯ ವರ್ಷ ಮಹಡಿಯ ಮಲಗುವ ಕೋಣೆಯ ಗೋಡೆಯಲ್ಲಿ ಒಂದು ಕಲೆ ಕಾಣಿಸಿತು. ಮೊದಲು ಅಂಗೈ ಅಗಲ. ಎರಡು ತಿಂಗಳಲ್ಲಿ ಊಟದ ತಟ್ಟೆಯಷ್ಟಾಯಿತು. ಆಮೇಲೆ ಪುಟ್ಟಿ ಹಪ್ಪಳದಂತೆ ಉಬ್ಬಿ ಮಂಚದ ಮೇಲೆ ಉದುರತೊಡಗಿತು. ಗೋಡೆಯ ಆಚೆ ಬದಿಗೆ ಸ್ನಾನದ ಮನೆ. ಕರೆಸಿದ ಮೇಸ್ತ್ರಿ ಗೋಡೆಯ ಮೇಲೊಮ್ಮೆ ಕೈಯಾಡಿಸಿ ಐದು ನಿಮಿಷದಲ್ಲಿ ತೀರ್ಪು ಕೊಟ್ಟರು: "ಬಾತ್‌ರೂಮಿನದೇ ಸಾರ್, ಇನ್ನೇನೂ ಅಲ್ಲ. ಒಡೆದು ಹೊಸದಾಗಿ ಮಾಡಿಬಿಡೋಣ."

ಒಡೆಸಿದೆವು. ಟೈಲ್ಸ್ ಕೀಳಿಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಹೊಸ ಟೈಲ್ಸ್ ಹಾಕಿಸಿದೆವು. ಹನ್ನೆರಡು ದಿನ ಮನೆಮಂದಿಯೆಲ್ಲ ಕೆಳಗಿನ ಒಂದೇ ಬಚ್ಚಲಿಗೆ ಸರದಿ ನಿಂತೆವು. 62,000 ರೂಪಾಯಿ ಕೈಬಿಟ್ಟಿತು. ಗೋಡೆಗೆ ಹೊಸ ಬಣ್ಣ ಬಳಿಸಿದ ಮೂರನೆಯ ತಿಂಗಳಿಗೆ ಕಲೆ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಬಂದು ಕೂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆಗೆ ನಮ್ಮ ಬಚ್ಚಲನ್ನೇ ಉದಾಹರಣೆ ಕೊಡಬಹುದು. ಎತ್ತು ಯಾವುದು ಎಂದು ತಿಳಿಯುವುದಕ್ಕೆ ಇನ್ನೂ ಐದು ತಿಂಗಳು ಬೇಕಾದವು. ಅಷ್ಟರಲ್ಲಿ ಕಂಡವರನ್ನೆಲ್ಲ ಕೇಳಿ, ನೆಂಟರಿಷ್ಟರ ನಾಲ್ಕಾರು ಒದ್ದೆ ಗೋಡೆಗಳನ್ನು ತಟ್ಟಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಎಂಜಿನಿಯರ್ ಅಲ್ಲ. ದುಡ್ಡು ಕಳೆದುಕೊಂಡು ಬುದ್ಧಿ ಕಲಿತ ಮನೆಯವನು.

ಮೊದಲು ಪೆನ್ಸಿಲ್, ಆಮೇಲೆ ಸುತ್ತಿಗೆ

ತೇವ ಕಂಡ ದಿನ ಮಾಡಬೇಕಾದ ಕೆಲಸಕ್ಕೆ ಖರ್ಚೇ ಇಲ್ಲ. ಒದ್ದೆಯ ಅಂಚಿನುದ್ದಕ್ಕೂ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಪ್ರತಿದಿನ ಒಂದೊಂದು ಸಾಲು ಗುರುತು ಹಾಕಿಕೊಳ್ಳಿ. ಮಳೆ ಬಂತೇ, ಎಷ್ಟು ಹೊತ್ತು ಬಂತು, ಯಾವ ದಿಕ್ಕಿನಿಂದ ಬೀಸಿತು, ಮೋಟಾರ್ ಯಾವಾಗ ಹಾಕಿದಿರಿ, ವಾಷಿಂಗ್ ಮಷೀನ್ ಓಡಿತೇ, ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದಿರೇ, ಗೆರೆ ದಾಟಿತೇ ಇಲ್ಲವೇ. ಕನಿಷ್ಠ ಮೂರು ವಾರ ಇದನ್ನು ಬಿಡದೆ ಮಾಡಬೇಕು. ಬೇಸರದ ಕೆಲಸ ನಿಜ, ಆದರೆ ಅರ್ಧ ರೋಗನಿರ್ಣಯ ಇಲ್ಲೇ ಮುಗಿಯುತ್ತದೆ.

ಮಳೆ ಬಂದ ಕೆಲವೇ ಗಂಟೆಗಳಲ್ಲಿ ತೇವ ಗೆರೆ ದಾಟಿದರೆ ಎಲ್ಲೋ ನೇರ ಬಿರುಕಿದೆ ಎಂದರ್ಥ. ಕಿಟಕಿಯ ಚೌಕಟ್ಟು, ಗೋಡೆಯ ಸೀಳು, ಮಳೆನೀರಿನ ಪೈಪಿನ ಬಾಯಿ, ಇಂಥ ಕಡೆ ನೋಡಿ. ಮಳೆ ನಿಂತು ಎರಡು ಮೂರು ದಿನವಾದ ಮೇಲೆ ದಾಟಿದರೆ ನೀರು ತಾರಸಿಯ ಮೇಲಿನ ಗಾರೆಯ ಪದರದಲ್ಲಿ ನಿಂತು ಸಾವಕಾಶವಾಗಿ ಇಳಿಯುತ್ತಿದೆ. ಬೇಸಿಗೆ, ಮಳೆಗಾಲ ಎನ್ನದೆ ಒಂದೇ ಸಮ ಒದ್ದೆಯಾಗಿದ್ದರೆ ಸದಾ ನೀರು ತುಂಬಿರುವ ಪೈಪನ್ನು ಶಂಕಿಸಿ. ನೀವು ಊರಿಗೆ ಹೋದ ವಾರ ಗೋಡೆ ಒಣಗಿ, ಬಂದ ಮೇಲೆ ಮತ್ತೆ ನೆನೆದರೆ ಅದು ಬಳಕೆಯ ನೀರು. ಬಚ್ಚಲು, ಸಿಂಕು, ಹೊರಹೋಗುವ ಪೈಪು ಇವುಗಳಲ್ಲೊಂದು. ಬೆಳಿಗ್ಗೆ ಒದ್ದೆ, ಮಧ್ಯಾಹ್ನಕ್ಕೆ ಒಣಗಿದ್ದರೆ ಗೋಡೆಯೊಳಗೆ ನೀರೇ ಇಲ್ಲದಿರಬಹುದು. ಅದಕ್ಕೆ ಬೇರೆ ಪರೀಕ್ಷೆ ಇದೆ, ಮುಂದೆ ಹೇಳುತ್ತೇನೆ.

ಈ ಮೂರು ವಾರ ಯಾರು ಎಷ್ಟೇ ಒತ್ತಾಯ ಮಾಡಿದರೂ ಗೋಡೆಗೆ ಬಣ್ಣ ಬಳಿಸಬೇಡಿ. "ಡ್ಯಾಂಪ್ ಪ್ರೂಫ್" ಎಂದು ಡಬ್ಬಿಯ ಮೇಲೆ ಬರೆದ ಬಣ್ಣವನ್ನಂತೂ ಬೇಡವೇ ಬೇಡ. ಅದು ತೇವವನ್ನು ನಿಲ್ಲಿಸುವುದಿಲ್ಲ, ಎರಡಡಿ ಆಚೆಗೆ ಓಡಿಸುತ್ತದೆ. ಸುಳಿವು ಅಳಿಸಿಹೋಗುತ್ತದೆ.

ಕಲೆ ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ

ನೆಲಮಟ್ಟದಿಂದ ಶುರುವಾಗಿ ಎರಡು ಮೂರು ಅಡಿ ಎತ್ತರಕ್ಕೆ ನಿಂತು, ಮೇಲಂಚಿನಲ್ಲಿ ಬಿಳಿ ಉಪ್ಪಿನ ಪಟ್ಟಿ ಬಿಟ್ಟಿದ್ದರೆ ಅದು ಮಣ್ಣಿನ ನೀರು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಇಟ್ಟಿಗೆ ನೆಲದ ತೇವವನ್ನು ಮೇಲಕ್ಕೆ ಹೀರುತ್ತದೆ. ನೀರು ಆರಿಹೋಗುತ್ತದೆ, ಅದರ ಜೊತೆ ಬಂದ ಲವಣ ಅಲ್ಲೇ ಉಳಿಯುತ್ತದೆ. ಇದನ್ನು ತಡೆಯಲೆಂದೇ ಪಾಯದ ಮೇಲೆ, ಗೋಡೆ ಏಳುವ ಮುಂಚೆ, ಡಿಪಿಸಿ ಎಂದು ಒಂದೂವರೆ ಎರಡು ಇಂಚಿನ ಕಾಂಕ್ರೀಟ್ ಪಟ್ಟಿ ಹಾಕುತ್ತಾರೆ. ಹಳೆಯ ಮನೆಗಳಲ್ಲಿ ಅದು ಇರುವುದಿಲ್ಲ. ಹೊಸ ಮನೆಗಳಲ್ಲಿ ಇದ್ದರೂ ನಾವೇ ಅದಕ್ಕೆ ಸೇತುವೆ ಕಟ್ಟಿಕೊಡುತ್ತೇವೆ. ಹೊರಗೋಡೆಯ ಗಾರೆಯನ್ನು ಮಣ್ಣಿನ ತನಕ ಇಳಿಸುತ್ತೇವೆ. ಗೋಡೆಗೆ ಒರಗಿಸಿ ಹೂವಿನ ಪಾತಿ ಮಾಡುತ್ತೇವೆ. ಅಂಗಳಕ್ಕೆ ಪೇವರ್ ಹಾಕಿಸುವಾಗ ಅರ್ಧ ಅಡಿ ಎತ್ತರಿಸುತ್ತೇವೆ.

ಇದರ ಮೇಲೆ ರಸ್ತೆ. ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸ ಪದರ ಎಳೆಯುವುದು ನಮ್ಮ ಊರುಗಳ ಪದ್ಧತಿ. ನನ್ನ ಸೋದರಮಾವನ ಮನೆಗೆ ನಾನು ಹುಡುಗನಾಗಿದ್ದಾಗ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದೆ. ಈಗ ಗೇಟು ದಾಟಿ ಒಂದು ಮೆಟ್ಟಿಲು ಇಳಿಯಬೇಕು. ಹೊಸದಾಗಿ ಕಟ್ಟಿಸುವವರು ಪ್ಲಿಂತ್, ಅಂದರೆ ಮನೆಯ ನೆಲಗಟ್ಟಿನ, ಎತ್ತರವನ್ನು ಇಂದಿನ ರಸ್ತೆಗೆ ಲೆಕ್ಕ ಹಾಕಬೇಡಿ, ಇನ್ನು ಹದಿನೈದು ವರ್ಷಕ್ಕೆ ಆಗುವ ರಸ್ತೆಗೆ ಹಾಕಿ. ಪರೀಕ್ಷೆ ಸುಲಭ. ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ಟ್ಯೂಬಿನಲ್ಲಿ ನೀರು ತುಂಬಿ, ಒಳಗಿನ ನೆಲ ಮತ್ತು ಹೊರಗಿನ ಮಣ್ಣಿನ ಮಟ್ಟ ಹೋಲಿಸಿ. ಹೊರಗಿನದು ಒಳಗಿನದಕ್ಕೆ ಸಮನಾಗಿದ್ದರೆ ಅಥವಾ ಎತ್ತರವಾಗಿದ್ದರೆ ಕಾರಣ ಸಿಕ್ಕಿತು. ಮೊದಲು ಹೊರಗಿನ ಮಣ್ಣನ್ನು ಡಿಪಿಸಿಗಿಂತ ಅರ್ಧ ಅಡಿ ಕೆಳಗೆ ಇಳಿಸಿ, ನೀರು ಗೋಡೆಯಿಂದ ದೂರ ಹರಿಯುವಂತೆ ಮಾಡಿ. ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬಿಸುವ ದುಬಾರಿ ಚಿಕಿತ್ಸೆಯ ಮಾತು ಅದಾದ ಮೇಲೆ.

ಕಿಟಕಿಯ ಕೆಳಮೂಲೆಗಳಿಂದ ಮೀಸೆಯ ಹಾಗೆ ಇಳಿದ ಕಲೆಗೆ ಹೆಚ್ಚು ವಿಚಾರಣೆ ಬೇಕಿಲ್ಲ. ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದು, ಒಳಮುಖವಾಗಿ ವಾಟ ಇರುವ ಹೊರಗಿನ ಕಲ್ಲು, ಕೆಳಗಡೆ ನೀರು ಕತ್ತರಿಸುವ ತೋಡುಗೆರೆಯಿಲ್ಲದ ಸಜ್ಜಾ, ಈ ಮೂರರಲ್ಲಿ ಒಂದು. ಪೈಪಿನಿಂದ ನೀರು ಚಿಮುಕಿಸಿ ನೋಡಬಹುದು. ಆದರೆ ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ, ಒಂದೊಂದು ಜಾಗಕ್ಕೆ ಹತ್ತು ಹದಿನೈದು ನಿಮಿಷ ಕೊಡಿ. ಮೇಲಿನಿಂದ ಸುರಿದರೆ ನೀರು ಎಲ್ಲ ಕಡೆಗೂ ಇಳಿದು ಎಲ್ಲಿಂದ ಒಳಹೊಕ್ಕಿತು ಎಂದು ಹೇಳಲಾಗದು.

ಒಳಗಿನ ನೀರೋ, ಗಾಳಿಯ ನೀರೋ

ಅಡುಗೆ ಮನೆಯ ಅಲ್ಯೂಮಿನಿಯಂ ಹಾಳೆಯನ್ನು ಒಂದಡಿ ಚೌಕ ಕತ್ತರಿಸಿ, ಕಲೆಯ ಮೇಲಿಟ್ಟು, ನಾಲ್ಕೂ ಅಂಚಿಗೆ ಟೇಪು ಬಿಗಿಯಾಗಿ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಕೋಣೆಯ ಕಡೆಯ ಮೈಮೇಲೆ ಹನಿ ಕೂತಿದ್ದರೆ ಅದು ಗಾಳಿಯಲ್ಲಿನ ತೇವ. ಹಾಳೆಯ ಹಿಂಬದಿ, ಗೋಡೆಯ ಕಡೆ ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಮಲೆನಾಡಿನ ಮನೆಗಳಲ್ಲಿ ಆಷಾಢ, ಶ್ರಾವಣಗಳಲ್ಲಿ ಬೀರುವಿನ ಹಿಂದೆ ಹಸಿರುಕಪ್ಪು ಬೂಷ್ಟು ಹಿಡಿಯುವುದು ಮೊದಲ ಬಗೆಯದು. ಅದಕ್ಕೆ ವಾಟರ್‌ಪ್ರೂಫಿಂಗ್ ಮಾಡಿಸಿದರೆ ದುಡ್ಡು ದಂಡ. ಬೀರುವನ್ನು ಹೊರಗೋಡೆಯಿಂದ ನಾಲ್ಕು ಇಂಚು ಈಚೆಗೆ ಸರಿಸಿ, ಬಟ್ಟೆ ಒಳಗೆ ಒಣಗಿಸುವುದನ್ನು ಬಿಟ್ಟು, ಬಚ್ಚಲಿಗೂ ಅಡುಗೆ ಮನೆಗೂ ಗಾಳಿ ಹೊರಗೆಳೆಯುವ ಫ್ಯಾನ್ ಹಾಕಿಸಿದರೆ ಬಹುತೇಕ ಸರಿಹೋಗುತ್ತದೆ.

ತಾರಸಿ: ಸೋರುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ

ಸೂರಿನಲ್ಲಿ ಕಂದು ಬಳೆಯಂಥ ಕಲೆ ಕಂಡೊಡನೆ ತಾರಸಿಗೆ ಹತ್ತಿ, ಸರಿಯಾಗಿ ಅದರ ನೆತ್ತಿಯ ಮೇಲೆ ಬಿರುಕು ಹುಡುಕುವುದು ಎಲ್ಲರೂ ಮಾಡುವ ಕೆಲಸ. ನೀರಿಗೆ ಆ ಶಿಸ್ತಿಲ್ಲ. ಕಾಂಕ್ರೀಟಿಗೆ ಇಳಿದ ಮೇಲೆ ಅದು ಸಲೀಸಾದ ದಾರಿ ಹಿಡಿಯುತ್ತದೆ. ಆರ್‌ಸಿಸಿ ಹಾಕುವಾಗ ಕಂಬಿಯ ಜೊತೆ ಹೂತ ವೈರಿಂಗ್ ಪೈಪುಗಳು ಅದಕ್ಕೆ ರಾಜಮಾರ್ಗ. ಸ್ನೇಹಿತರೊಬ್ಬರ ಮನೆಯಲ್ಲಿ ಹಾಲಿನ ನಡುವಿನ ಫ್ಯಾನ್ ಡಬ್ಬಿಯಿಂದ ಹನಿ ಬೀಳುತ್ತಿತ್ತು. ಅದರ ಮೇಲಿನ ತಾರಸಿ ಕನ್ನಡಿಯಂತಿತ್ತು, ಒಂದು ಕೂದಲೆಳೆ ಬಿರುಕಿಲ್ಲ. ಕೊನೆಗೆ ಸಿಕ್ಕ ಮೂಲ ಹದಿನಾಲ್ಕು ಅಡಿ ಆಚೆ. ಸೋಲಾರ್ ನೀರಿನ ಹೀಟರಿನ ಸ್ಟ್ಯಾಂಡನ್ನು ನೆಲಕ್ಕೆ ಬಿಗಿಯಲು ಬೋಲ್ಟ್ ಕೊರೆದವರು ವಾಟರ್‌ಪ್ರೂಫಿಂಗ್ ಪದರವನ್ನೂ, ಅದರ ಕೆಳಗಿನ ವೈರಿಂಗ್ ಪೈಪನ್ನೂ ಸೇರಿಸಿಯೇ ತೂತು ಮಾಡಿದ್ದರು.

ಹೀಗೆ ಫ್ಯಾನಿನಿಂದಲೋ ದೀಪದಿಂದಲೋ ನೀರು ಬಂದರೆ ಹುಡುಕಾಟ ಆಮೇಲೆ. ಮೊದಲು ಆ ಸಾಲಿನ ಎಂಸಿಬಿ ಇಳಿಸಿ. ಮಳೆ ಬಂದಾಗೆಲ್ಲ ಆರ್‌ಸಿಸಿಬಿ ತಾನಾಗಿ ಬೀಳುತ್ತಿದ್ದರೆ ಅದನ್ನು ಬೈದು ಮತ್ತೆ ಎತ್ತಬೇಡಿ. 30 ಮಿಲಿ ಆಂಪಿಯರ್ ವಿದ್ಯುತ್ ಸೋರಿಕೆಗೇ ಬೀಳುವಂತೆ ಮಾಡಿದ ಸಾಧನ ಅದು, ತನ್ನ ಕೆಲಸ ಮಾಡುತ್ತಿದೆ.

ತಾರಸಿಯಲ್ಲಿ ಸಂಶಯದ ಜಾಗಗಳಿಗೆ ನನ್ನದೇ ಒಂದು ಕ್ರಮವಿದೆ. ಮೊದಲು ನೋಡುವುದು ಮನುಷ್ಯ ಆಮೇಲೆ ಕೊರೆದ ತೂತುಗಳನ್ನು: ಸೋಲಾರ್ ಸ್ಟ್ಯಾಂಡ್, ಡಿಶ್ ಆಂಟೆನಾ, ಬಟ್ಟೆ ಒಣಗಿಸುವ ಕಂಬ. ಎರಡನೆಯದು ಮಳೆನೀರಿನ ಪೈಪಿನ ಬಾಯಿ. ಅಲ್ಲಿ ಪೈಪು ಮತ್ತು ಕಾಂಕ್ರೀಟಿನ ನಡುವೆ ಸಂದು ಬಿಡುವುದು ಬಹಳ ಸಾಮಾನ್ಯ. ಮೂರನೆಯದು ಪ್ಯಾರಾಪೆಟ್ ಗೋಡೆ ನೆಲ ಸೇರುವ ಮೂಲೆ. ಬಿಸಿಲಿಗೆ ತಾರಸಿ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಪ್ಯಾರಾಪೆಟ್ ಅದರ ಜೊತೆ ಹೆಜ್ಜೆ ಹಾಕುವುದಿಲ್ಲ, ಮೂಲೆ ಸೀಳುತ್ತದೆ. ಆ ಮೂಲೆಗೆ ಗಾರೆಯನ್ನು ದುಂಡಗೆ ತುಂಬಿಸಿರದಿದ್ದರೆ ಅನುಮಾನ ಇನ್ನೂ ಗಟ್ಟಿ. ನಡುಭಾಗದ ಬಿರುಕು ಕೊನೆಗೆ. ಮಳೆ ನಿಂತ ಎರಡು ಗಂಟೆಯ ಮೇಲೂ ಎಲ್ಲಾದರೂ ನೀರು ಮಡುಗಟ್ಟಿದ್ದರೆ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು ಬನ್ನಿ. ನೂರಕ್ಕೆ ಒಂದರಷ್ಟಾದರೂ ವಾಟ, ಅಂದರೆ ಹತ್ತಡಿಗೆ ಒಂದೂಕಾಲು ಇಂಚಿನ ಇಳಿಜಾರು, ಇರಬೇಕಾದ ಕಡೆ ತಗ್ಗಾಗಿದೆ ಎಂದರ್ಥ.

ಖಚಿತಪಡಿಸಿಕೊಳ್ಳಲು ನೀರು ನಿಲ್ಲಿಸಿ ನೋಡಬೇಕು. ಮಳೆಯಿಲ್ಲದ ವಾರ ಆರಿಸಿಕೊಳ್ಳಿ. ಇಟ್ಟಿಗೆ, ಗಾರೆಯ ಪುಟ್ಟ ಕಟ್ಟೆ ಕಟ್ಟಿ ತಾರಸಿಯನ್ನು ಮೂರು ನಾಲ್ಕು ಪಾಲು ಮಾಡಿ. ಪ್ಲಾಸ್ಟಿಕ್ ಚೀಲಕ್ಕೆ ಹಳೆಯ ಬಟ್ಟೆ ತುಂಬಿ ನೀರಿನ ಬಾಯಿ ಮುಚ್ಚಿ. ತಗ್ಗಿನ ಪಾಲಿನಿಂದ ಶುರುಮಾಡಿ ಒಂದಿಂಚು ನೀರು ನಿಲ್ಲಿಸಿ ಎರಡು ದಿನ ಕಾಯಿರಿ. ಇಡೀ ತಾರಸಿಗೆ ಒಮ್ಮೆಗೇ ಮೊಣಕಾಲುದ್ದ ನೀರು ತುಂಬಿಸುವ ಸಾಹಸ ಬೇಡ. ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗದಲ್ಲಿ ಎರಡೇ ಇಂಚು ನೀರು ಸುಮಾರು 470 ಕಿಲೋ ತೂಗುತ್ತದೆ. ಸೂರಿನಿಂದ ಕಾಂಕ್ರೀಟ್ ಚಕ್ಕೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಈ ಪರೀಕ್ಷೆಯನ್ನೇ ಮಾಡಬೇಡಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಸುಣ್ಣದ ಗಾರೆಯ ಹಳೆಯ ಮನೆಯವರಿಗೆ ಒಂದು ಮಾತು. ಅಂಥ ಗೋಡೆ ಉಸಿರಾಡುತ್ತದೆ. ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. "ಗಟ್ಟಿ ಇರಲಿ" ಎಂದು ಅದರ ಮೇಲೆ ಸಿಮೆಂಟ್ ಗಾರೆ ಮೆತ್ತಿಸಿದರೆ ನೀರು ಒಳಗೇ ಉಳಿದು, ಐವತ್ತು ವರ್ಷ ಒದ್ದೆಯಾಗದ ಗೋಡೆ ಎರಡೇ ವರ್ಷದಲ್ಲಿ ಉದುರತೊಡಗುತ್ತದೆ.

ಪೈಪು

ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕೆ ಒಂದು ಕೋಲಿನಲ್ಲಿ ಗುರುತು ಮಾಡಿ. ಮನೆಗೆ ಇಳಿಯುವ ಪೈಪಿನ ವಾಲ್ವ್ ಒಂದು ರಾತ್ರಿ ತೆರೆದಿರಲಿ, ಮರುರಾತ್ರಿ ಮುಚ್ಚಿರಲಿ. ತೆರೆದಾಗ ಮಾತ್ರ ಮಟ್ಟ ಇಳಿದರೆ ಸೋರಿಕೆ ಪೈಪಿನಲ್ಲಿ. ಮುಚ್ಚಿದಾಗಲೂ ಇಳಿದರೆ ಟ್ಯಾಂಕಿನಲ್ಲಿ ಅಥವಾ ವಾಲ್ವಿಗಿಂತ ಮೊದಲಿನ ಜೋಡಣೆಯಲ್ಲಿ. ಸಾವಿರ ಲೀಟರಿನ ದುಂಡು ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 9 ಲೀಟರ್ ಹೋದ ಹಾಗೆ. ಸೆಕೆಂಡಿಗೊಂದು ಹನಿ ಸೋರಿದರೂ ದಿನಕ್ಕೆ ನಾಲ್ಕು ಲೀಟರ್ ದಾಟುತ್ತದೆ, ಒಂದು ಗೋಡೆಯನ್ನು ಹಾಳುಮಾಡಲು ಅಷ್ಟು ಧಾರಾಳ ಸಾಕು. ಆದರೆ ಒಂದೇ ರಾತ್ರಿಯಲ್ಲಿ ಅದು ಅರ್ಧ ಸೆಂಟಿಮೀಟರೂ ತೋರಿಸುವುದಿಲ್ಲ. ಆದ್ದರಿಂದ ಗುರುತು ಸಣ್ಣದಾಗಿರಲಿ, ಸಾಧ್ಯವಾದರೆ ಊರಿಗೆ ಹೋದಾಗ ಎರಡು ಮೂರು ದಿನದ ಲೆಕ್ಕ ತೆಗೆಯಿರಿ. ಸಂಪಿಗೂ ಇದೇ ಉಪಾಯ. ಬೀದಿ ಪೈಪಿನಿಂದ ಸಂಪಿಗೆ ಬರುವ ತುಂಡು ಸೋರುತ್ತಿದ್ದರೆ ಮಾತ್ರ ಮೀಟರ್ ನೋಡಬೇಕು. ಸಂಪಿಗೆ ನೀರು ಬೀಳದಂತೆ ನಿಲ್ಲಿಸಿದ ಮೇಲೂ ಮೀಟರಿನ ಚಿಕ್ಕ ಚಕ್ರ ತಿರುಗುತ್ತಿದ್ದರೆ ಅನುಮಾನವೇ ಬೇಡ.

ಪ್ಲಂಬರ್ ಪಂಪು ಕಚ್ಚಿಸಿ ಪ್ರೆಷರ್ ಟೆಸ್ಟ್ ಮಾಡುವಾಗ ಎದುರಿಗೇ ನಿಂತಿರಿ. ಎರಡಂತಸ್ತಿನ ಮನೆಯ ಪೈಪಿಗೆ ಟ್ಯಾಂಕಿನಿಂದ ಬೀಳುವ ಸಹಜ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ.ಯನ್ನೂ ಮುಟ್ಟುವುದು ಕಷ್ಟ. ಪರೀಕ್ಷೆಗೆ ಐದಾರು ಕೆ.ಜಿ. ಏರಿಸಿ, ಗೇಜಿನ ಮುಳ್ಳು ಒಂದು ಗಂಟೆ ಕದಲದೆ ನಿಲ್ಲಬೇಕು. ತಣ್ಣೀರಿನ ಸಾಲು, ಬಿಸಿನೀರಿನ ಸಾಲು ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಹೊಸ ಮನೆಯಲ್ಲಾದರೆ ಟೈಲ್ಸ್ ಹಾಕುವ ಮುಂಚೆಯೇ ಇದು ಮುಗಿದಿರಬೇಕು. ಮುಳ್ಳು ಇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಈಚೆಗೆ ಗೋಡೆಗೆ ಮೊಳೆ ಹೊಡೆದವರು ಯಾರು ಎಂಬುದು. ದೇವರ ಪಟಕ್ಕೆ, ಕನ್ನಡಿಗೆ, ಬೀರು ಕೂರಿಸಲು ಬಂದ ಬಡಗಿಯ ಡ್ರಿಲ್ಲಿಗೆ ಸಿಪಿವಿಸಿ ಪೈಪು ಬೆಣ್ಣೆಯಂತೆ. ಮೊಳೆ ತೂತಿನಲ್ಲೇ ಇರುವ ತನಕ ಸೋರಿಕೆ ಅಲ್ಪ. ಹಾಗಾಗಿ ಹೊಡೆದ ದಿನ ಗೊತ್ತಾಗುವುದಿಲ್ಲ, ಆರು ತಿಂಗಳ ಮೇಲೆ ಗೊತ್ತಾಗುತ್ತದೆ. ಕಟ್ಟುವ ಹಂತದಲ್ಲಿರುವವರು ಗಾರೆ ಮುಚ್ಚುವ ಮುಂಚೆ ಪ್ರತಿ ಗೋಡೆಗೂ ಅಳತೆ ಟೇಪು ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ನನ್ನಲ್ಲಿ ಗೃಹಪ್ರವೇಶದ 600 ಫೋಟೊಗಳಿವೆ, ಪೈಪಿನದು ಒಂದೂ ಇಲ್ಲ.

ಬಚ್ಚಲು: ಒಡೆಯುವ ಮುಂಚೆ ಐದು ದಿನ

ಬಚ್ಚಲು ಅಪರಾಧಿಯಾಗಿರುವುದೂ ಉಂಟು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಬಚ್ಚಲಿನಲ್ಲಿ ನೀರು ಸೋರಬಹುದಾದ ದಾರಿ ನಾಲ್ಕಿವೆ, ಒಂದೊಂದನ್ನೂ ಬೇರೆ ಮಾಡಿ ನೋಡಿದರೆ ಎಷ್ಟು ಒಡೆಯಬೇಕು ಎಂಬುದು ತಿಳಿಯುತ್ತದೆ. ಮೊದಲು ಐದು ದಿನ ಆ ಬಚ್ಚಲನ್ನು ಪೂರ್ತಿ ನಿಲ್ಲಿಸಿ. ಗೆರೆ ಹಿಂದೆ ಸರಿಯಿತೇ? ಸರಿಯದಿದ್ದರೆ ಬಚ್ಚಲಿನ ಬಳಕೆಗೂ ತೇವಕ್ಕೂ ಸಂಬಂಧವಿಲ್ಲದಿರಬಹುದು. ಆಮೇಲೆ ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಹೊಸ್ತಿಲಿಗೆ ಪುಟ್ಟ ಕಟ್ಟೆ ಕಟ್ಟಿ, ನೆಲದಲ್ಲಿ ಒಂದಿಂಚು ನೀರು ಎರಡು ದಿನ ನಿಲ್ಲಿಸಿ. ಗೆರೆ ದಾಟಿದರೆ ದೋಷ ನೆಲದ ಟೈಲ್ಸಿನಲ್ಲಿ, ಸಂದಿನಲ್ಲಿ. ದಾಟದಿದ್ದರೆ ನೆಲ ಒಣಗಲು ಬಿಟ್ಟು, ಟ್ರ್ಯಾಪ್ ತೆರೆದು, ಬಕೆಟ್ ಬಕೆಟ್ ನೀರನ್ನು ನೇರ ಅದರ ಬಾಯಿಗೇ ಸುರಿಯಿರಿ. ಈಗ ದಾಟಿದರೆ ದೋಷ ಟ್ರ್ಯಾಪಿನ ಜೋಡಣೆಯಲ್ಲೋ ಅದರಾಚೆಯ ಪೈಪಿನಲ್ಲೋ. ಇಡೀ ನೆಲ ಕೀಳುವ ಅಗತ್ಯವಿಲ್ಲ, ಎರಡು ಚದರಡಿ ಸಾಕು. ಮೂರನೆಯದು ಷವರ್ ಬೀಳುವ ಗೋಡೆ. ಟೈಲ್ಸಿಗೆ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಹಿಂದೆ ನೀರು ಸೇರಲು ಜಾಗವಿದೆ. ನಾಲ್ಕನೆಯದು ಕಮೋಡ್. ಅದರ ಫ್ಲಶ್ ಟ್ಯಾಂಕಿಗೆ ಬಟ್ಟೆಯ ನೀಲಿ ಬೆರೆಸಿ, ಕೆಳಗಿನ ಮನೆಯ ಸೂರಿನಲ್ಲಿ ಬಣ್ಣ ಕಾಣುತ್ತದೆಯೇ ನೋಡಬಹುದು. ಬಣ್ಣ ಕಂಡರೆ ಸಾಕ್ಷಿ ಗಟ್ಟಿ. ಕಾಣದಿದ್ದರೆ ಕಮೋಡ್ ನಿರ್ದೋಷಿ ಎಂದು ಬಿಟ್ಟುಬಿಡಬೇಡಿ, ಗಾರೆಯ ಮೂಲಕ ಇಳಿಯುವಾಗ ಬಣ್ಣ ಸೋಸಿಹೋಗುವುದುಂಟು.

ರಿಪೇರಿಯಾದ ಮೇಲೂ ಕೆಲವು ವಾರ ಒದ್ದೆ ಕಂಡರೆ ಗಾಬರಿಯಾಗಬೇಡಿ. ಬಚ್ಚಲಿನ ನೆಲವನ್ನು ಸುಮಾರು ಒಂದಡಿ ತಗ್ಗಿಸಿ, ಪೈಪು ಎಳೆದು, ಇಟ್ಟಿಗೆ ಚೂರು ತುಂಬಿ ಮುಚ್ಚಿರುತ್ತಾರೆ. ಐದಡಿ, ಎಂಟಡಿಯ ಬಚ್ಚಲಾದರೆ ಆ ಗುಂಡಿ 1,130 ಲೀಟರಿನದು. ಚೂರುಗಳ ನಡುವಿನ ಸಂದು ಮೂರನೇ ಒಂದು ಪಾಲು ಎಂದರೂ 350 ಲೀಟರಿಗಿಂತ ಹೆಚ್ಚು ನೀರು ಅಲ್ಲಿ ಗುಟ್ಟಾಗಿ ಕೂತಿರಬಹುದು. ಅದು ಬರಿದಾಗುವ ತನಕ ಇಳಿಯುತ್ತಲೇ ಇರುತ್ತದೆ.

ಎರಡು ಮನೆಗಳ ನಡುವಿನ ಅರ್ಧ ಅಡಿ

ನಗರದ ಚಿಕ್ಕ ಸೈಟುಗಳಿಗೇ ಮೀಸಲಾದ ಕಾಯಿಲೆ ಇದು. ಪಕ್ಕದವರು ತಮ್ಮ ಗೋಡೆಯನ್ನು ಗಡಿಯ ತನಕ ತಂದಿದ್ದಾರೆ, ನಾವೂ ತಂದಿದ್ದೇವೆ. ನಡುವೆ ಒಂದು ಕೈ ತೂರುವಷ್ಟೇ ಜಾಗ. ಗಾರೆಯವರು ಅಲ್ಲಿಗೆ ಇಳಿಯಲಾಗದೆ ಹೊರಗೋಡೆಗೆ ಗಾರೆಯೇ ಆಗಿಲ್ಲ. ಬರಿಯ ಸಾಲಿಡ್ ಬ್ಲಾಕು, ಅರೆಬರೆ ತುಂಬಿದ ಸಂದುಗಳು, ಮೇಲಿನಿಂದ ಎರಡೂ ತಾರಸಿಗಳ ಮಳೆನೀರು. ಒಳಗಿನಿಂದ ಏನು ಬಳಿದರೂ ಈ ಗೋಡೆ ಒಣಗುವುದಿಲ್ಲ. ಮೇಲೆ, ಎರಡು ಪ್ಯಾರಾಪೆಟ್‌ಗಳ ನಡುವೆ ತಗಡಿನ ಅಥವಾ ಕಾಂಕ್ರೀಟಿನ ಮುಚ್ಚಳ ಹಾಕಿಸುವುದೊಂದೇ ದಾರಿ. ಅದಕ್ಕೆ ಪಕ್ಕದವರ ಒಪ್ಪಿಗೆ ಬೇಕು. ಅವರ ಗೋಡೆಯೂ ನೆನೆಯುತ್ತಿರುತ್ತದೆ, ಆದ್ದರಿಂದ ಜಗಳದ ಬದಲು ಅವರ ಮನೆಯ ಕಲೆಯನ್ನೂ ಒಮ್ಮೆ ನೋಡಿಬರುವ ನೆಪದಲ್ಲಿ ಮಾತು ತೆಗೆಯುವುದು ಒಳ್ಳೆಯದು. ಮನೆ ಕಟ್ಟುತ್ತಿರುವವರಿಗಾದರೆ ಇನ್ನೂ ಸುಲಭದ ದಾರಿಯಿದೆ. ಗೋಡೆ ಏರಿಸುತ್ತ ಹೋದಂತೆಯೇ ಹೊರಸಂದುಗಳನ್ನು ಒತ್ತಿ ತುಂಬಿಸಿಕೊಳ್ಳಿ.

ನಮ್ಮ ಎತ್ತು

ಎರಡನೆಯ ಸಲ ಕಲೆ ಬಂದಾಗ ಬಚ್ಚಲು ನಿರಪರಾಧಿ ಎಂದು ಗೊತ್ತಾಗಿತ್ತು. ತಾರಸಿಯಲ್ಲಿ ನೀರು ನಿಲ್ಲಿಸಿದೆವು, ಗೆರೆ ಕದಲಲಿಲ್ಲ. ಪ್ರೆಷರ್ ಟೆಸ್ಟಿನಲ್ಲಿ ಮುಳ್ಳು ಅಲುಗಲಿಲ್ಲ. ಹಾಳೆಯ ಪರೀಕ್ಷೆ ಮಾತ್ರ ಖಚಿತವಾಗಿ ಹೇಳಿತು, ನೀರು ಗೋಡೆಯೊಳಗಿನದು ಎಂದು. ಕ್ಯಾಲೆಂಡರಿನಲ್ಲಿ ಹೀಗಿತ್ತು: ನವೆಂಬರ್ 9, ಗೆರೆ ಅಲ್ಲೇ. 11, ಮಳೆ ಇಲ್ಲ, ರಾತ್ರಿ ಒಂದು ಬೆರಳು ದಾಟಿದೆ. 13, ಅಲ್ಲೇ. 15, ಅಮ್ಮ ಮೋಟಾರ್ ಹಾಕಿ ಮರೆತರು, ರಾತ್ರಿ ಎರಡು ಬೆರಳು.

ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಮೋಟಾರ್ ಅಮ್ಮನ ಇಲಾಖೆ. ಕ್ಯಾಲೆಂಡರ್ ತೋರಿಸಿದಾಗ ಅವರಿಗೆ ಸಿಟ್ಟು ಬಂತು. "ನಾನು ಮರೆತರೆ ಟ್ಯಾಂಕ್ ತುಂಬಿ ಹರಿಯುತ್ತದೆ ಸರಿ. ಅದಕ್ಕೆ ಗೋಡೆ ಯಾಕಪ್ಪಾ ಒದ್ದೆಯಾಗಬೇಕು?"

ಐದು ತಿಂಗಳಲ್ಲಿ ಯಾವ ಮೇಸ್ತ್ರಿಯೂ ಕೇಳದ ಪ್ರಶ್ನೆ ಅದು. ಹನ್ನೊಂದರಂದೂ ಟ್ಯಾಂಕ್ ಉಕ್ಕಿತ್ತು ಎಂದು ಹೆಂಡತಿ ನೆನಪಿಸಿಕೊಂಡಳು. ತುಂಬಿ ಹರಿದ ನೀರು ಎಲ್ಲಿಗೆ ಹೋಗುತ್ತದೆ? ಗೇಟಿನ ಪಕ್ಕದ ದಾಸವಾಳದ ಬುಡಕ್ಕೆ. ಅಲ್ಲಿಗೆ ಹೇಗೆ ಹೋಗುತ್ತದೆ? ಆಗ ನೆನಪಾಯಿತು. ಮನೆ ಕಟ್ಟುವಾಗ, ಹರಿದ ನೀರು ದಂಡವಾಗದೆ ಗಿಡಕ್ಕೆ ಹೋಗಲಿ, ಪೈಪು ಮಾತ್ರ ಹೊರಗೆ ಕಾಣಬಾರದು ಎಂದು ಪ್ಲಂಬರಿಗೆ ಹೇಳಿದವನು ನಾನೇ. ಅವನು ಗೋಡೆ ಕೊರೆದು ಓವರ್‌ಫ್ಲೋ ಪೈಪನ್ನು ಒಳಗೇ ಇಳಿಸಿದ್ದ. ಒತ್ತಡವಿಲ್ಲದ, ವಾರಕ್ಕೆರಡು ಸಲ ಮಾತ್ರ ನೀರು ಕಾಣುವ ಪೈಪು. ಪ್ರೆಷರ್ ಟೆಸ್ಟಿನ ಸಾಲಿಗೆ ಅದು ಸೇರುವುದೇ ಇಲ್ಲ.

ಹಾಗೆಂದು ಆಗಲೂ ಉಳಿ ಹಿಡಿಯಲಿಲ್ಲ, ಒಮ್ಮೆ ಸುಟ್ಟ ಕೈ. ಟ್ಯಾಂಕಿನ ಬಳಿ ಓವರ್‌ಫ್ಲೋ ಪೈಪಿನ ಬಾಗನ್ನು ಬಿಚ್ಚಿ ನೀರು ತಾರಸಿಗೇ ಬೀಳುವಂತೆ ಮಾಡಿದೆ. ಮೂರು ವಾರ, ಬೇಕೆಂದೇ ಎರಡು ಸಲ ಟ್ಯಾಂಕ್ ಉಕ್ಕಿಸಿದರೂ ಗೆರೆ ಮಿಸುಕಲಿಲ್ಲ. ಆಮೇಲೆ ಗೋಡೆಯೊಳಗಿನ ಹಳೆಯ ಪೈಪಿನ ಬಾಯಿಗೆ ಎರಡು ಬಕೆಟ್ ನೀರು ಸುರಿದೆ. ಬೆಳಿಗ್ಗೆ ಹತ್ತಕ್ಕೆ ಸುರಿದದ್ದು, ಸಂಜೆ ಐದಕ್ಕೆ ಗೆರೆಯಾಚೆ ಗೋಡೆ ಕಪ್ಪಿಟ್ಟಿತ್ತು. ಹೀಗೆ ತೆಗೆದರೆ ನಿಲ್ಲಬೇಕು, ಹಾಕಿದರೆ ಮತ್ತೆ ಬರಬೇಕು. ಎರಡೂ ಆದ ಮೇಲೆಯೇ ಒಡೆಯಲು ಹೇಳಿದ್ದು. ಒಂದಡಿ ಅಗಲ ಬಿಚ್ಚಿದರೆ ಸಾಕಾಯಿತು. ಎರಡು ಪೈಪು ಸೇರುವ ಕಡೆ ಒಂದು ಅರ್ಧ ಇಂಚಷ್ಟೇ ಒಳಗೆ ಹೋಗಿತ್ತು, ಅಂಟಿಸುವ ಸಲ್ಯೂಷನ್ ಹಚ್ಚಿದ ಗುರುತೇ ಇರಲಿಲ್ಲ. ಊಟದ ಹೊತ್ತಾಗಿತ್ತೋ ಏನೋ. ಆ ಪೈಪನ್ನು ಸರಿಮಾಡಿಸುವ ಗೋಜಿಗೆ ಹೋಗದೆ ಎರಡೂ ಬಾಯಿ ಮುಚ್ಚಿಸಿ, ಹೊರಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಹೊಸ ಪೈಪು ಎಳೆಸಿದೆ. ಕೂಲಿ ಸೇರಿ 1,400 ರೂಪಾಯಿ.

ಒಣಗಿಸುವುದು

ಇಲ್ಲಿ ಅವಸರ ಮಾಡಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಒದ್ದೆಯ ಗಡಿಯಿಂದ ಒಂದಡಿ ಆಚೆಯ ತನಕ ಪುಟ್ಟಿ, ಗಾರೆ ಎರಡನ್ನೂ ಬ್ಲಾಕು ಕಾಣುವಂತೆ ಕೀಳಿಸಿ. ಒಂದಿಂಚು ದಪ್ಪ ಒಣಗಲು ಒಂದು ತಿಂಗಳು ಎನ್ನುವುದು ಸ್ಥೂಲ ಲೆಕ್ಕ. ಫ್ಯಾನ್ ಹಾಕಿ, ಕಿಟಕಿ ತೆರೆದಿಡಿ. ಮೇಲೆದ್ದ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ, ಉದುರಿದ್ದನ್ನು ಗುಡಿಸಿ ಹೊರಗೆ ಚೆಲ್ಲಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಉಪ್ಪು ಉಳಿದ ಗೋಡೆ, ಸೋರಿಕೆ ನಿಂತ ಮೇಲೂ ಮಳೆಗಾಲದ ಗಾಳಿಯಿಂದಲೇ ತೇವ ಹೀರಿ ಕಪ್ಪಾಗುತ್ತದೆ. ತೇವ ಅಳೆಯುವ ಮೀಟರ್ ತಂದವರೂ ಇಂಥ ಗೋಡೆಯ ಮುಂದೆ ಮೋಸಹೋಗುತ್ತಾರೆ, ಏಕೆಂದರೆ ಉಪ್ಪಿಗೂ ಅದರ ಮುಳ್ಳು ಏರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಈ ಜಾಗಕ್ಕೆ ಬೇಡ, ಆಯಿಲ್ ಪೇಂಟೂ ಬೇಡ.

ನಮ್ಮದು ಆರಿಂಚಿನ ಗೋಡೆ. ಡಿಸೆಂಬರಿನಿಂದ ಮೇ ತನಕ ಬೆತ್ತಲೆ ಬ್ಲಾಕುಗಳನ್ನು ನೋಡುತ್ತ ಮಲಗಿದೆವು. ಬಂದ ನೆಂಟರೆಲ್ಲ ಹಣ ಸಾಲದೆ ಕೆಲಸ ನಿಲ್ಲಿಸಿದ್ದೇವೆ ಎಂದುಕೊಂಡರು. ಮೇ ಎರಡನೆಯ ವಾರ ಮತ್ತೆ ಅಲ್ಯೂಮಿನಿಯಂ ಹಾಳೆ ಅಂಟಿಸಿದೆ. ಎರಡು ದಿನದ ಮೇಲೆ ಕಿತ್ತಾಗ ಹಿಂಬದಿ ಒಣಗಿತ್ತು. ಮರುದಿನ ಗಾರೆಯವರಿಗೆ ಫೋನ್ ಮಾಡಿದೆ.